ಬಣ್ಣ ಕಳಚಿಯೇ ಮಲಗಿ: ಮುಖದ ಚರ್ಮಕ್ಕೆ ಹದಿನಾಲ್ಕು ಸೂತ್ರಗಳು

ಹೊನ್ನಾವರ ತಾಲ್ಲೂಕಿನ ಗುಂಡಬಾಳೆಯಲ್ಲಿ ಯಕ್ಷಗಾನದ ಹರಕೆಯ ಆಟಗಳು ಶುರುವಾದವೆಂದರೆ ಬಣ್ಣ ಹಚ್ಚುವ ಮನೆಯಾದ ಚೌಕಿಯ ದೀಪ ತಿಂಗಳುಗಟ್ಟಲೆ ಆರುವುದಿಲ್ಲ. ನಿನ್ನೆ ರಾತ್ರಿ ಹಚ್ಚಿದ ಬಣ್ಣವನ್ನು ಇವತ್ತು ರಾತ್ರಿ ಅದೇ ಮುಖಕ್ಕೆ ಮತ್ತೆ ಹಚ್ಚಬೇಕು, ನಾಳೆಯೂ ಹಚ್ಚಬೇಕು. ಅಲ್ಲಿಂದ ತುಸು ದೂರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಅವರ ಮನೆಯಲ್ಲಿ ತಲೆಮಾರುಗಳಿಂದ ಮುಖಕ್ಕೆ ಬಣ್ಣ ಏರುತ್ತಲೇ ಬಂದಿದೆ. ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಡುಗನಾಗಿದ್ದಾಗ ಬಣ್ಣ ಹಚ್ಚಿದವರು. 2012ರಲ್ಲಿ ಪದ್ಮಶ್ರೀ ಬಂದಾಗಲೂ, ಎಂಬತ್ತು ದಾಟಿದ ಮೇಲೂ ವೇಷ ಮಾಡಿದರು.

ಇಂಥ ಮುಖಗಳು ನಮಗೆ ಕಲಿಸುವ ಪಾಠ ಒಂದೇ: ಬಣ್ಣ ತೆಗೆಯುವುದೂ ವೇಷದ ಕೆಲಸವೇ. ಮಂಗಳ ಹಾಡಿದ ಕೂಡಲೇ ಕೆಲಸ ಮುಗಿಯುವುದಿಲ್ಲ, ಮುಖ ಚೊಕ್ಕವಾದ ಮೇಲೆ ಮುಗಿಯುತ್ತದೆ.

ಇವತ್ತು ಬಣ್ಣ ಚೌಕಿಗೆ ಮಾತ್ರ ಸೇರಿದ್ದಲ್ಲ. ಭಟ್ಕಳದ ಮದುವೆ ಮನೆಯಲ್ಲಿ, ಕುಮಟಾದ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಹೊನ್ನಾವರದ ಅಂಗಡಿಯ ಕೌಂಟರಿನ ಹಿಂದೆ, ಎಲ್ಲ ಕಡೆ ಫೌಂಡೇಶನ್, ಕಾಜಲ್, ಲಿಪ್‌ಸ್ಟಿಕ್ ಇವೆ. ಹಚ್ಚುವುದನ್ನು ಕಲಿಸಲು ಬ್ಯೂಟಿ ಪಾರ್ಲರುಗಳೂ ಮೊಬೈಲಿನ ವಿಡಿಯೋಗಳೂ ಬೇಕಾದಷ್ಟಿವೆ. ತೆಗೆಯುವುದನ್ನು ಕಲಿಸುವವರು ಕಡಿಮೆ. ಅದಕ್ಕಾಗಿ ಈ ಸೂತ್ರಗಳು.

1. ಹಚ್ಚುವ ಮೊದಲೇ ತೆಗೆಯುವ ಹೊತ್ತನ್ನು ಎತ್ತಿಡಿ

ಪೂರ್ತಿ ಮೇಕಪ್ಪಿಗೆ ಒಂದು ತಾಸು ಬೇಕಾದರೆ ತೆಗೆಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ದಿನದ ಲೆಕ್ಕದಲ್ಲಿ ಮೊದಲೇ ಇರಲಿ. ಹಿಂದೆ ಬೆಳಗಿನವರೆಗೆ ಆಟ ನಡೆಯುತ್ತಿತ್ತು. ಬೆಳಗಾದ ಮೇಲೆ ಬಣ್ಣ ತೆಗೆದು, ಸ್ನಾನ ಮಾಡಿ, ಆಮೇಲೆ ಮಲಗುತ್ತಿದ್ದರು. ಈಗ ಕಾಲಮಿತಿಯ ಆಟಗಳು ಬಂದಿವೆ. ನಡುರಾತ್ರಿ ಮುಗಿಯುತ್ತದೆ, ವ್ಯಾನು ಕಾಯುತ್ತಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಚೌಕಿಯ ಹಿರಿಯರು ಕಿರಿಯರಿಗೆ ಹೇಳುವ ಮಾತು, "ತಮಾ, ಬಣ್ಣ ತೆಗೀದೇ ಮಲಗಡ." ಮದುವೆಯಿಂದ ತಡವಾಗಿ ಮನೆಗೆ ಬಂದವರಿಗೂ ಇದೇ ಮಾತು ಸಲ್ಲುತ್ತದೆ.

2. ರಾತ್ರಿ ಚರ್ಮ ಕೆಲಸ ಮಾಡುತ್ತದೆ, ಅಡ್ಡ ಬರಬೇಡಿ

ಕಾರಣ ತಿಳಿದರೆ ಸೋಮಾರಿತನ ತಾನಾಗಿ ಬಿಡುತ್ತದೆ. ನಮ್ಮ ಹೊರಚರ್ಮ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಲೇ ಇರುತ್ತದೆ. ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲಕ್ಕೆ ಬಂದು ಉದುರಲು ಹರೆಯದಲ್ಲಿ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಈ ಜೀವಕೋಶಗಳ ವಿಭಜನೆ ಹಗಲಿಗಿಂತ ರಾತ್ರಿ ಚುರುಕು. ಚರ್ಮದಿಂದ ತೇವಾಂಶ ಹೊರಹೋಗುವುದೂ ರಾತ್ರಿಯೇ ಹೆಚ್ಚು.

ಜೊತೆಗೆ ರೋಮದ ಬುಡದ ಗ್ರಂಥಿಗಳು ದಿನವಿಡೀ ಜಿಡ್ಡು ಸುರಿಸುತ್ತವೆ. ಆ ಜಿಡ್ಡು ಹೊರಗೆ ಹರಿದು ಚರ್ಮವನ್ನು ಮೆತ್ತಗಿಡಬೇಕು. ಅದರ ದಾರಿಯಲ್ಲಿ ಫೌಂಡೇಶನ್, ಪೌಡರು, ಸತ್ತ ಜೀವಕೋಶ, ಬೆವರು ಎಲ್ಲ ಸೇರಿ ಗಟ್ಟಿಯಾದರೆ ರಂಧ್ರ ಕಟ್ಟುತ್ತದೆ. ಮೊದಲು ಕಾಣುವುದು ಹಣೆ, ಗಲ್ಲ, ಕೆನ್ನೆಯ ಮೇಲಿನ ಸಣ್ಣ ಸಣ್ಣ ಗುಳ್ಳೆ. ಕೈಯಾಡಿಸಿದರೆ ರವೆಯಂತೆ ಒರಟು. ಪ್ರಸಾಧನಗಳಿಂದಲೇ ಬರುವ ಈ ಬಗೆಯ ಮೊಡವೆಯನ್ನು ಅಮೆರಿಕದ ಚರ್ಮತಜ್ಞರಾದ ಕ್ಲಿಗ್‌ಮನ್ ಮತ್ತು ಮಿಲ್ಸ್ 1972ರಲ್ಲೇ ಬೇರೆಯಾಗಿ ಗುರುತಿಸಿ 'ಆಕ್ನಿ ಕಾಸ್ಮೆಟಿಕಾ' ಎಂದು ಹೆಸರಿಟ್ಟರು. ಇದು ಒಂದು ರಾತ್ರಿಯಲ್ಲಿ ಬರುವುದಿಲ್ಲ, ವಾರಗಳು ತಿಂಗಳುಗಳು ಹಿಡಿಯುತ್ತದೆ. ಹಾಗಾಗಿಯೇ ಎಷ್ಟೋ ಜನರಿಗೆ ಕಾರಣ ಹೊಳೆಯುವುದಿಲ್ಲ. ಗುಳ್ಳೆ ಮುಚ್ಚಲು ಇನ್ನಷ್ಟು ಫೌಂಡೇಶನ್ ಹಚ್ಚುತ್ತಾರೆ. ಗುಳ್ಳೆ ಇನ್ನೂ ಹೆಚ್ಚುತ್ತದೆ.

ಒಮ್ಮೆ ಮರೆತು ಮಲಗಿದರೆ ಮುಖ ಹಾಳಾಗುವುದಿಲ್ಲ, ಹೆದರಬೇಡಿ. ಕೆಡುಕು ಮಾಡುವುದು ಒಂದು ರಾತ್ರಿಯ ಮರೆವಲ್ಲ, ದಿನದಿನದ ರೂಢಿ.

3. ಎಣ್ಣೆಯ ಬಣ್ಣಕ್ಕೆ ಎಣ್ಣೆಯೇ ಮದ್ದು

ಚೌಕಿಯಲ್ಲಿ ವೇಷ ಕಳಚುವುದನ್ನು ಹತ್ತಿರ ನಿಂತು ನೋಡಿ. ಕಿರೀಟ, ಭುಜಕೀರ್ತಿ, ಗೆಜ್ಜೆ ಬಿಚ್ಚಿದ ಕಲಾವಿದ ನೀರಿನ ಕಡೆ ಓಡುವುದಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಒಣಮುಖಕ್ಕೇ ಹಚ್ಚುತ್ತಾನೆ. ಹಣೆಯಿಂದ ಶುರು, ಕೆನ್ನೆ, ಗಲ್ಲ, ಕಿವಿಯ ಹಿಂದೆ, ಕುತ್ತಿಗೆ. ಬೆರಳು ಉಜ್ಜುವುದಿಲ್ಲ, ಸುತ್ತುತ್ತದೆ. ನಿಮಿಷದಲ್ಲಿ ಹಣೆಯ ನಾಮ, ಹುಬ್ಬಿನ ಕಪ್ಪು, ಕೆನ್ನೆಯ ಕೆಂಪು ಎಲ್ಲ ಕರಗಿ ಒಂದೇ ಮಣ್ಣುಬಣ್ಣವಾಗುತ್ತದೆ. ಆಮೇಲೆ ಹಳೇ ಪಂಚೆಯ ಮೆತ್ತನೆ ತುಂಡಿನಿಂದ ಮೇಲಿಂದ ಮೇಲೆ ಒತ್ತಿ ಒರೆಸುತ್ತಾನೆ. ಬಟ್ಟೆಯ ಚೊಕ್ಕ ಭಾಗ ಮಡಚಿ ಮತ್ತೊಮ್ಮೆ ಎಣ್ಣೆ, ಮತ್ತೊಮ್ಮೆ ಒರೆಸು. ಬಟ್ಟೆಗೆ ಬಣ್ಣ ಹತ್ತದ ಮೇಲೆ ಮಾತ್ರ ನೀರು.

ಹಲಸಿನ ಹಣ್ಣು ಬಿಡಿಸಿದ ಕೈಯ ಮೇಣ ನೀರಿಗೆ ಹೋಗುತ್ತದೆಯೇ? ಎಣ್ಣೆಗೆ ಹೋಗುತ್ತದೆ. ಇಲ್ಲಿಯೂ ಅದೇ ತತ್ವ. ಫೌಂಡೇಶನ್, ಲಿಪ್‌ಸ್ಟಿಕ್, ವಾಟರ್‌ಪ್ರೂಫ್ ಕಾಜಲ್ ಇವುಗಳಲ್ಲಿ ಎಣ್ಣೆ, ಮೇಣ, ಸಿಲಿಕೋನ್ ಇರುತ್ತವೆ. ಜಿಡ್ಡು ಜಿಡ್ಡಿನಲ್ಲೇ ಕರಗುವುದು. ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಹೆಸರಿನಲ್ಲಿ ಉಳಿದಿರುವ ಕೋಲ್ಡ್ ಕ್ರೀಮಿನಲ್ಲೂ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರೇ ಇದ್ದವು.

ಒಂದು ಎಚ್ಚರ. ಕೊಬ್ಬರಿ ಎಣ್ಣೆ ಕೆಲವರ ರಂಧ್ರ ಕಟ್ಟುತ್ತದೆ. ಮೊಡವೆಯ ಮುಖದವರು, ಜಿಡ್ಡು ಚರ್ಮದವರು ಬಣ್ಣ ತೆಗೆಯಲೆಂದೇ ಮಾಡಿದ ಮಿಸೆಲರ್ ವಾಟರ್ ಅಥವಾ ಕ್ಲೆನ್ಸಿಂಗ್ ಬಾಮ್ ಬಳಸಿ. ಯಾವುದನ್ನೇ ಹಚ್ಚಿ, ಮುಖದ ಮೇಲೆ ಬಿಟ್ಟು ಮಲಗಬೇಡಿ, ತೊಳೆಯಿರಿ.

4. ಎರಡನೇ ತೊಳೆತ ಬಿಡಬೇಡಿ

ಬಣ್ಣ ಕರಗಿಸುವುದು ಒಂದು ಕೆಲಸ, ಕರಗಿದ್ದನ್ನು ತೊಳೆಯುವುದು ಇನ್ನೊಂದು. ಉಗುರು ಬೆಚ್ಚಗಿನ ನೀರು, ಸೌಮ್ಯ ಫೇಸ್‌ವಾಶ್, ಅರ್ಧ ನಿಮಿಷ. ಸಾಕು. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಬಟ್ಟೆ ಸೋಪು, ಸ್ನಾನದ ಹಳೇ ಬಗೆಯ ಸೋಪು ಕ್ಷಾರೀಯ, ಪಿಎಚ್ 9-10. ದಿನಾ ಅದರಿಂದ ಉಜ್ಜಿದರೆ ಚರ್ಮದ ರಕ್ಷಣಾ ಪದರವೇ ಹೋಗಿ ಬಿರುಕು, ಉರಿ, ತುರಿಕೆ.

ನಮ್ಮ ಕಡಲಂಚಿನ ಊರುಗಳಿಗೆ ಇನ್ನೊಂದು ತೊಂದರೆ. ಏಪ್ರಿಲ್-ಮೇ ತಿಂಗಳಲ್ಲಿ ತೀರದ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ಸೋಪು ನೊರೆ ಬಾರದೆ ಮುಖದ ಮೇಲೆ ಜಿಗುಟಾಗಿ ಕೂರುತ್ತದೆ. ಕೊನೆಯ ತೊಳೆತಕ್ಕೆ ಕುಡಿಯುವ ಸಿಹಿ ನೀರು ಎರಡು ಚೊಂಬು ತೆಗೆದಿಡಿ. ಮುಖ ಒದ್ದೆಯಿರುವಾಗಲೇ ತೆಳ್ಳಗೆ ಮಾಯಿಶ್ಚರೈಸರ್ ಹಚ್ಚಿ.

5. ಕಣ್ಣಿಗೆ ಮೊದಲ ಪಾಳಿ, ಮೆತ್ತನೆ ಕೈ

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದು ಮೊದಲು ಅದನ್ನು ತೆಗೆಯಿರಿ, ಆಮೇಲೆ ಬಣ್ಣ. ಹತ್ತಿಯ ತುಂಡಿಗೆ ರಿಮೂವರ್ ಹಾಕಿ ಮುಚ್ಚಿದ ರೆಪ್ಪೆಯ ಮೇಲೆ ಹತ್ತು ಎಣಿಸುವವರೆಗೆ ಸುಮ್ಮನೆ ಇಡಿ. ಮೇಲಿಂದ ಕೆಳಕ್ಕೆ ಒಮ್ಮೆ ಎಳೆಯಿರಿ. ರೆಪ್ಪೆಯ ಬುಡದಲ್ಲಿ ಉಳಿದ ಕಪ್ಪನ್ನು ಒದ್ದೆ ಇಯರ್‌ಬಡ್‌ನಿಂದ ತೆಗೆಯಿರಿ. ಎಡಕ್ಕೆ ಬಲಕ್ಕೆ ತಿಕ್ಕಬೇಡಿ. ದೇಹದ ಅತಿ ತೆಳು ಚರ್ಮ ಇಲ್ಲೇ ಇರುವುದು.

ರೆಪ್ಪೆಯ ಅಂಚಿನಲ್ಲಿ ಕಣ್ಣೀರು ಆರದಂತೆ ತೈಲ ಸುರಿಸುವ ಸಣ್ಣ ಗ್ರಂಥಿಗಳ ಸಾಲಿದೆ. ಕಾಜಲ್, ಮಸ್ಕರಾ ಅವುಗಳ ಬಾಯಿ ಮುಚ್ಚಿದರೆ ಕಣ್ಣು ಉರಿ, ಒಣಗಣ್ಣು, ರೆಪ್ಪೆಯಂಚಿನ ಉರಿಯೂತ, ಕಣ್ಣುಕುರು. ವರ್ಷಾನುಗಟ್ಟಲೆ ಮಸ್ಕರಾ ತೆಗೆಯದೆ ಮಲಗಿದ ಆಸ್ಟ್ರೇಲಿಯಾದ ಮಹಿಳೆಯೊಬ್ಬರ ರೆಪ್ಪೆಯ ಒಳಗೆ ಕಪ್ಪು ಗಂಟುಗಳೇ ಕಟ್ಟಿದ್ದನ್ನು ವೈದ್ಯರು 2018ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು.

ಮಲಗುವ ಮುನ್ನ ಸುರ್ಮಾ ಹಚ್ಚುವ ರೂಢಿಯ ಮನೆಗಳಿಗೆ ಒಂದು ವಿನಂತಿ. ಕೆಲವು ಸುರ್ಮಾಗಳಲ್ಲಿ ಸೀಸದ ಅದಿರಿನ ಪುಡಿ ಇರುತ್ತದೆ. ಸೀಸ ಮಕ್ಕಳ ಮಿದುಳಿಗೆ ವಿಷ. ಕೊಲ್ಲಿ ದೇಶದಿಂದ ಬಂದದ್ದಾಗಲಿ, ಸಂತೆಯಲ್ಲಿ ಕೊಂಡದ್ದಾಗಲಿ, ಲೇಬಲ್ ಇಲ್ಲದ ಸುರ್ಮಾ ಮಕ್ಕಳ ಕಣ್ಣಿಗೆ ಬೇಡ.

6. ಬಿಂದಿಯನ್ನೂ ತೆಗೆದು ಮಲಗಿ

ನಮ್ಮ ಬಚ್ಚಲುಮನೆಯ ಕನ್ನಡಿಗಳನ್ನು ನೋಡಿ. ಅಂಚಿನುದ್ದಕ್ಕೂ ಕೆಂಪು, ಮರೂನ್, ಕಪ್ಪು ಬಿಂದಿಗಳು. ಅಂಟು ಇರುವವರೆಗೆ ಅದೇ ಬಿಂದಿ, ಅದೇ ಜಾಗ. ಎಷ್ಟೋ ಜನ ರಾತ್ರಿಯೂ ಹಣೆಯ ಮೇಲೇ ಬಿಡುತ್ತಾರೆ. ಕೆಲವು ಅಗ್ಗದ ಬಿಂದಿಗಳ ಅಂಟಿನಲ್ಲಿರುವ ಒಂದು ಬಗೆಯ ಫೀನಾಲ್ ರಾಸಾಯನಿಕ ಚರ್ಮದ ಬಣ್ಣ ಮಾಡುವ ಕೋಶಗಳನ್ನೇ ಕೊಲ್ಲುತ್ತದೆ. ಬಿಂದಿಯ ಅಳತೆಗೆ ಸರಿಯಾಗಿ ಬಿಳಿ ಮಚ್ಚೆ ಬೀಳುತ್ತದೆ. ನಮ್ಮ ದೇಶದ ಚರ್ಮತಜ್ಞರು ಇದನ್ನು 'ಬಿಂದಿ ಲ್ಯೂಕೋಡರ್ಮಾ' ಎಂದೇ ಕರೆಯುತ್ತಾರೆ.

ಹಣೆಯಲ್ಲಿ ತುರಿಕೆ, ಕೆಂಪು ಕಂಡ ದಿನವೇ ಆ ಬಿಂದಿ ಬಿಡಿ. ರಾತ್ರಿ ಬಿಂದಿ ತೆಗೆದು, ಅಂಟಿನ ಗುರುತಿಗೆ ಒಂದು ಹನಿ ಎಣ್ಣೆ ಸವರಿ, ತೊಳೆದು ಮಲಗಿ. ಹಬ್ಬದ ದಿನ ಕುಂಕುಮ ಇಟ್ಟವರೂ ಹಾಗೆಯೇ.

7. 'ನಾನು ಮೇಕಪ್ ಮಾಡೋದಿಲ್ಲ' ಎನ್ನುವವರೂ ತೊಳೆಯಿರಿ

ಸನ್‌ಸ್ಕ್ರೀನ್, ಪೌಡರು, ಫೇಸ್ ಕ್ರೀಮು ಇವೂ ಮುಖದ ಮೇಲಿನ ಪದರಗಳೇ. ರಾಷ್ಟ್ರೀಯ ಹೆದ್ದಾರಿ 66 ಭಟ್ಕಳ, ಹೊನ್ನಾವರ, ಕುಮಟಾ ಮೂರನ್ನೂ ದಾಟಿಕೊಂಡೇ ಹೋಗುತ್ತದೆ. ಸ್ಕೂಟರಿನಲ್ಲಿ ಓಡಾಡುವವರು, ಬಸ್ ನಿಲ್ದಾಣದಲ್ಲಿ ಕಾಯುವವರು, ದಿನವಿಡೀ ಬಿಸಿಲಲ್ಲಿ ಮೀನು ಮಾರುವವರು, ಎಲ್ಲರ ಮುಖಕ್ಕೂ ದೂಳು, ಹೊಗೆ, ಉಪ್ಪುಗಾಳಿಯ ಬೆವರು ಹತ್ತುತ್ತದೆ. ವಾಟರ್‌ಪ್ರೂಫ್ ಸನ್‌ಸ್ಕ್ರೀನ್ ಹಚ್ಚಿದ ದಿನ ಮೂರನೇ, ನಾಲ್ಕನೇ ಸೂತ್ರಗಳೆರಡನ್ನೂ, ಉಳಿದ ದಿನ ನಾಲ್ಕನೇ ಸೂತ್ರ ಮಾತ್ರ ಪಾಲಿಸಿ.

8. ಮಳೆಗಾಲದಲ್ಲಿ ಬಟ್ಟೆ, ಬ್ರಷ್, ಸ್ಪಾಂಜಿನ ಮೇಲೆ ಕಣ್ಣಿಡಿ

ನಮ್ಮ ತೀರಕ್ಕೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಒಣಹಾಕಿದ್ದು ಒಣಗುವುದಿಲ್ಲ. ಟವೆಲಿಗೆ ಮುಗ್ಗಲು ವಾಸನೆ ಬಂದಿದೆಯೆಂದರೆ ಅದರಲ್ಲಿ ಬೂಷ್ಟು, ಸೂಕ್ಷ್ಮಾಣು ಬೆಳೆದಿವೆಯೆಂದೇ ಅರ್ಥ. ಮುಖ ತೊಳೆದು ಅದರಿಂದಲೇ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ.

ಮುಖಕ್ಕೆಂದೇ ಹಳೇ ಹತ್ತಿಯ ಏಳೆಂಟು ಸಣ್ಣ ತುಂಡು ಇಟ್ಟುಕೊಳ್ಳಿ. ದಿನಕ್ಕೊಂದು ಬಳಸಿ, ಬಿಸಿನೀರಲ್ಲಿ ತೊಳೆದು, ಒಲೆಯ ಬಳಿ ಅಥವಾ ಫ್ಯಾನಿನಡಿ ಒಣಗಿಸಿ, ಇಸ್ತ್ರಿ ಹಾಕಿ. ಮೇಕಪ್ ಬ್ರಷ್, ಸ್ಪಾಂಜು ವಾರಕ್ಕೊಮ್ಮೆ ಸೌಮ್ಯ ಶಾಂಪೂವಿನಲ್ಲಿ ತೊಳೆಯಿರಿ. ಕಪ್ಪು ಚುಕ್ಕೆ ಬಿದ್ದ ಸ್ಪಾಂಜು ಎಸೆಯಿರಿ. ದಿಂಬಿನ ಕವರು ವಾರಕ್ಕೆರಡು ಬಾರಿ ಬದಲಿಸಿ, ಬಣ್ಣ ತೆಗೆಯದೆ ಮಲಗಿದ ಮರುದಿನವಂತೂ ಕಡ್ಡಾಯ.

9. ಮದುವೆ ಮನೆಗೆ ತೆಗೆಯುವ ಚೀಲವೂ ಹೋಗಲಿ

ಮದುಮಗಳ ಪೆಟ್ಟಿಗೆಯಲ್ಲಿ ಸೀರೆ, ಒಡವೆ, ಮೇಕಪ್ ಕಿಟ್ ಎಲ್ಲ ಇರುತ್ತದೆ. ತೆಗೆಯುವ ಸಾಮಾನು ಇರುವುದಿಲ್ಲ. ಮದುವೆಯ ಮೇಕಪ್ ಬೆವರಿಗೂ ಕಣ್ಣೀರಿಗೂ ಜಗ್ಗದಂತೆ ಪದರ ಪದರವಾಗಿ ಕೂರಿಸಿದ್ದು, ಬರೀ ಫೇಸ್‌ವಾಶಿಗೆ ಹೋಗುವುದಿಲ್ಲ.

ಅಕ್ಕನೋ ಅತ್ತಿಗೆಯೋ ಒಬ್ಬರು ಈ ಹೊಣೆ ಹೊರಲಿ. ಒಂದು ಸಣ್ಣ ಚೀಲದಲ್ಲಿ ಕ್ಲೆನ್ಸಿಂಗ್ ಬಾಮ್ ಅಥವಾ ಎಣ್ಣೆ, ಹತ್ತಿ, ಇಯರ್‌ಬಡ್, ನಾಲ್ಕು ಮೆತ್ತನೆ ಬಟ್ಟೆ, ಫೇಸ್‌ವಾಶ್, ಮಾಯಿಶ್ಚರೈಸರ್ ಇಡಿ. ಮೊದಲು ಮುಡಿಯ ಮಲ್ಲಿಗೆ, ಪಿನ್ನು, ಒಡವೆ. ಭಟ್ಕಳದ ಮದುಮಗಳಾದರೆ ಮುಡಿಯ ತುಂಬ ಮಲ್ಲಿಗೆ, ಅದನ್ನು ಬಿಡಿಸಲೇ ಹೊತ್ತು ಬೇಕು. ಆಮೇಲೆ ಅಂಟಿಸಿದ ರೆಪ್ಪೆಗೂದಲು. ಅದನ್ನು ಕಿತ್ತರೆ ಸ್ವಂತ ಕೂದಲೂ ಬರುತ್ತದೆ. ಬುಡಕ್ಕೆ ಎಣ್ಣೆಯ ಹತ್ತಿ ಒತ್ತಿ, ಅಂಟು ಸಡಿಲವಾದ ಮೇಲೆ ಹೊರಮೂಲೆಯಿಂದ ಬಿಡಿಸಿ. ಹೇರ್‌ಸ್ಪ್ರೇ ಹಣೆಯಂಚಿಗೂ ತಾಗಿರುತ್ತದೆ, ಕೂದಲಿನ ಗೆರೆಯವರೆಗೆ ತೊಳೆಯಿರಿ. ಮದುವೆಯ ಮರುದಿನವೂ ಕಾರ್ಯಕ್ರಮ ಇದ್ದೇ ಇರುತ್ತದೆ. ಮುಖ ಅರಳಿ ಕಾಣಬೇಕಾದರೆ ಕೆಲಸ ನಡೆಯಬೇಕಾದದ್ದು ಹಿಂದಿನ ರಾತ್ರಿ.

10. ಗಂಡಸರೇ, ಇದು ನಿಮಗೂ

ಯಕ್ಷಗಾನದ ಸ್ತ್ರೀವೇಷವನ್ನು ಬಹುಪಾಲು ಗಂಡಸರೇ ಕಟ್ಟಿದರು. ವೇಷಕ್ಕೆ ಮೊದಲು ಗಡ್ಡ ನುಣ್ಣಗೆ ಬೋಳಿಸಬೇಕು. ಬ್ಲೇಡು ಓಡಿದ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಅದರ ಮೇಲೆ ಕೂಡಲೇ ಬಣ್ಣ ಮೆತ್ತಿದರೆ ಉರಿ, ಮೆತ್ತಿದ್ದನ್ನು ತೆಗೆಯದಿದ್ದರೆ ಕೀವು. ಕ್ಷೌರಕ್ಕೂ ಬಣ್ಣಕ್ಕೂ ನಡುವೆ ಕೆಲವು ತಾಸು ಅಂತರವಿರಲಿ. ಅಂಟಿಸಿದ ಮೀಸೆಯನ್ನು ಜಗ್ಗಿ ಕೀಳದೆ ಎಣ್ಣೆಯಿಂದ ನೆನೆಸಿ ಬಿಡಿಸಿ. ನಾಟಕ, ಸುಗ್ಗಿ, ಗಣೇಶೋತ್ಸವದ ಛದ್ಮವೇಷ, ಯಾವುದೇ ಇರಲಿ, ಮುಖಕ್ಕೆ ಹತ್ತಿದ ಬಣ್ಣ ತೆಗೆಯಲು ಸೀಮೆಎಣ್ಣೆ, ಥಿನ್ನರ್, ನೈಲ್‌ಪಾಲಿಶ್ ರಿಮೂವರ್ ಎಂದಿಗೂ ಬೇಡ.

11. ಮಕ್ಕಳ ಮುಖವನ್ನು ಮನೆಗೆ ಬರುವ ಮೊದಲೇ ತೊಳೆಯಿರಿ

ಅಷ್ಟಮಿಯ ಕೃಷ್ಣ, ಶಾಲೆಯ ಬಾಲಯಕ್ಷಗಾನ, ಭರತನಾಟ್ಯದ ರಂಗಪ್ರವೇಶ. ವೇಷದ ಮಗು ಕಾರಿನಲ್ಲೇ ನಿದ್ದೆ ಹೋಗುತ್ತದೆ, ಎಬ್ಬಿಸಲು ತಾಯಿಗೆ ಮನಸ್ಸು ಬಾರದು. ಅದಕ್ಕೆ ಉಪಾಯ ಒಂದೇ: ಫೋಟೊ ಮುಗಿದ ಕೂಡಲೇ, ಮಗು ಎಚ್ಚರವಿರುವಾಗಲೇ, ಸಭಾಂಗಣದಲ್ಲೇ ಬಣ್ಣ ತೆಗೆಯಿರಿ. ಮಕ್ಕಳ ಚರ್ಮ ತೆಳು. ಅವರು ಕಣ್ಣು ಉಜ್ಜಿಕೊಳ್ಳುತ್ತಾರೆ, ಬೆರಳು ಬಾಯಿಗಿಡುತ್ತಾರೆ. ಎಣ್ಣೆಯ ಹತ್ತಿ, ಬೆಚ್ಚಗಿನ ನೀರು, ಮಗುವಿನ ಸೋಪು ಸಾಕು. ಮಗುವಿನ ಕೈಗೂ ಒಂದು ಹತ್ತಿ ಕೊಡಿ, ತಾನೇ ತೆಗೆದುಕೊಳ್ಳಲಿ. ರೂಢಿ ಬೀಳುವ ವಯಸ್ಸು ಅದೇ.

12. ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯಿರಿ

ಹಿಂದಿನ ಚೌಕಿಯ ಬಣ್ಣಗಳಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇದ್ದವು. ಅರದಾಳ ಆರ್ಸೆನಿಕ್‌ನ ಖನಿಜ, ಇಂಗಳೀಕ ಪಾದರಸದ್ದು. ಅಂಥ ಬಣ್ಣ ಮುಖದ ಮೇಲೆ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು. ಇವತ್ತಿನ ಕಲಾವಿದರು ಸುರಕ್ಷಿತ ಬಣ್ಣಗಳನ್ನು ಕೇಳಿ ಪಡೆಯಬೇಕು. ಅದು ಅವರ ಹಕ್ಕು.

ಭಾರತದ 2020ರ ಪ್ರಸಾಧನ ನಿಯಮಗಳು ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬಳಸುವುದನ್ನು ನಿಷೇಧಿಸಿವೆ. ಮುಖದ ಕ್ರೀಮಿಗೆ ಪಾದರಸವನ್ನು ಬೆರೆಸುವಂತಿಲ್ಲ. ಅದರಲ್ಲಿ ತಾನಾಗಿ ಸೇರಿದ್ದೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ಆದರೂ ಬೆಳ್ಳಗಾಗಿಸುವ ಹೆಸರಿನಲ್ಲಿ ವಿಳಾಸವಿಲ್ಲದ ಡಬ್ಬಿಗಳು ಬರುತ್ತಲೇ ಇವೆ. 2023ರಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು. ಇವನ್ನು ರಾತ್ರಿಯಿಡೀ ಹಚ್ಚಿಕೊಂಡು ಮಲಗಲು ಹೇಳುತ್ತಾರೆ. ಹಚ್ಚಲೇಬೇಡಿ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿ ಮನೆಯೊಳಗೆ ಬೇಡ.

ತೆರೆದ ಡಬ್ಬಿಯ ಚಿತ್ರದೊಳಗೆ '12ಎಂ' ಎಂಬಂತೆ ಮುದ್ರಿಸಿದ್ದರೆ ತೆರೆದ ಮೇಲೆ ಹನ್ನೆರಡು ತಿಂಗಳು ಎಂದು ಅರ್ಥ. ಮಸ್ಕರಾವನ್ನು ಮೂರರಿಂದ ಆರು ತಿಂಗಳಿಗೆ ಎಸೆಯಿರಿ. ಕಾಜಲ್, ಲಿಪ್‌ಸ್ಟಿಕ್ ಯಾರೊಂದಿಗೂ ಹಂಚಿಕೊಳ್ಳಬೇಡಿ. ಕೆಂಗಣ್ಣು ಹಬ್ಬುವ ದಾರಿಗಳಲ್ಲಿ ಅದೂ ಒಂದು.

13. ದಿನದ ಇನ್ನೊಂದು ರೂಢಿಗೆ ಇದನ್ನು ಗಂಟು ಹಾಕಿ

'ಮಲಗುವ ಮುಂಚೆ ತೆಗೀತೇನೆ' ಎಂದವರು ಸೋಲುತ್ತಾರೆ. ಮಲಗುವ ಹೊತ್ತಿಗೆ ದೇಹದಲ್ಲಿ ಶಕ್ತಿ ಇರುವುದಿಲ್ಲ. ಮನೆ ಹೊಕ್ಕು ಚಪ್ಪಲಿ ಬಿಟ್ಟು ಕೈಕಾಲು ತೊಳೆಯುವುದು ನಮ್ಮ ಕಡೆ ಮೊದಲಿಂದ ಬಂದ ಪದ್ಧತಿ. ಆ ಹೊತ್ತಿಗೇ ಮುಖವನ್ನೂ ಸೇರಿಸಿ. ಸಂಜೆ ದೇವರಿಗೆ ದೀಪ ಹಚ್ಚುವವರು ಅದಕ್ಕೆ ಮೊದಲು ತೆಗೆಯಿರಿ. ರಾತ್ರಿಯ ಇಶಾ ನಮಾಜಿಗೆ ವುಜೂ (ಪ್ರಾರ್ಥನೆಗೆ ಮುನ್ನ ಕೈ, ಮುಖ, ಕಾಲು ತೊಳೆಯುವ ವಿಧಿ) ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮೊದಲು ಎಣ್ಣೆಯಿಂದ ಬಣ್ಣ ತೆಗೆದು ಮುಖ ತೊಳೆಯಿರಿ, ಆಮೇಲೆ ವುಜೂ.

ಸಾಮಾನು ಕಣ್ಣೆದುರೇ ಇರಲಿ. ಕಪಾಟಿನೊಳಗಿನ ಬಾಟಲಿ ಮರೆತುಹೋಗುತ್ತದೆ, ಹಲ್ಲುಜ್ಜುವ ಬ್ರಷ್ಷಿನ ಪಕ್ಕದ ಬಾಟಲಿ ಮರೆಯುವುದಿಲ್ಲ.

ತೀರಾ ದಣಿದ ರಾತ್ರಿಗೆ ಮೂರೇ ನಿಮಿಷದ ಕ್ರಮ ಸಾಕು: ಕಣ್ಣಿಗೆ ಹತ್ತಿ, ಮುಖಕ್ಕೆ ಎಣ್ಣೆ ಅಥವಾ ಮಿಸೆಲರ್ ವಾಟರ್, ಒಮ್ಮೆ ನೀರು. ಜ್ವರ, ಪ್ರಯಾಣ, ಕರೆಂಟಿಲ್ಲದ ರಾತ್ರಿಗೆಂದು ಒರೆಸುವ ವೈಪ್ಸ್ ಒಂದು ಪೊಟ್ಟಣ ಇಟ್ಟುಕೊಳ್ಳಿ. ಅದು ಆಪತ್ಕಾಲಕ್ಕೆ ಮಾತ್ರ. ವೈಪ್ಸ್ ಬಣ್ಣವನ್ನು ಅರ್ಧ ತೆಗೆದು ಅರ್ಧ ಹರಡುತ್ತದೆ, ತನ್ನ ರಾಸಾಯನಿಕವನ್ನೂ ಬಿಟ್ಟುಹೋಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಸರಿಯಾಗಿ ತೊಳೆಯಿರಿ.

14. ಮನೆಮದ್ದಿಗೂ ಮಿತಿ ಇದೆ, ಡಾಕ್ಟರಿಗೆ ತೋರಿಸಿ

ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಮುಖಕ್ಕೆ ಬೇಡವೇ ಬೇಡ. ನಿಂಬೆರಸ ಹಚ್ಚಿ ನಮ್ಮೂರ ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳುತ್ತದೆ. ಕಡಲೆಹಿಟ್ಟು, ಹಸಿಹಾಲು ಒಗ್ಗಿದವರು ಬಳಸಬಹುದು. ಆದರೆ ಅವು ವಾಟರ್‌ಪ್ರೂಫ್ ಬಣ್ಣ ತೆಗೆಯುವುದಿಲ್ಲ. ಹೊಸ ರಿಮೂವರ್ ಯಾವುದೇ ಇರಲಿ, ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.

ಕ್ರಮ ತಪ್ಪದೆ ಆರು ವಾರ ತೊಳೆದರೂ ಮೊಡವೆ ಇಳಿಯದಿದ್ದರೆ, ನೋವಿನ ಗಂಟು ಎದ್ದರೆ, ಬಿಳಿ ಮಚ್ಚೆ ಕಂಡರೆ, ರೆಪ್ಪೆ ಊದಿದರೆ ತಡ ಮಾಡಬೇಡಿ. ಬೆವರಿನ ಊರುಗಳಲ್ಲಿ ಶಿಲೀಂಧ್ರದಿಂದ ಬರುವ ಗುಳ್ಳೆಗಳೂ ಮೊಡವೆಯಂತೆಯೇ ಕಾಣುತ್ತವೆ, ಮದ್ದು ಬೇರೆ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ದಕ್ಷಿಣಕ್ಕೆ ಮಣಿಪಾಲ ಇದೆ. ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಮುಲಾಮು ಮುಖಕ್ಕೆ ಹಚ್ಚಬೇಡಿ. ಮೊದಲ ವಾರ ಹೊಳಪು ಕೊಟ್ಟು ಆಮೇಲೆ ಚರ್ಮವನ್ನು ತೆಳುವಾಗಿಸಿ, ಕೆಂಪಾಗಿಸಿ, ಬಿಟ್ಟರೂ ಬಿಡದ ತೊಂದರೆ ಕೊಡುವ ಮುಲಾಮು ಅದು.

ಇಷ್ಟನ್ನೂ ಒಂದೇ ದಿನ ಹಿಡಿಯಬೇಕಿಲ್ಲ. ಈ ವಾರ ಮೂರನೇ ಮತ್ತು ನಾಲ್ಕನೇ ಸೂತ್ರ ಮಾತ್ರ ಹಿಡಿಯಿರಿ: ಮೊದಲು ಎಣ್ಣೆ, ಆಮೇಲೆ ನೀರು. ಮುಂದಿನ ವಾರ ಕಣ್ಣು, ಬಿಂದಿ, ಬಟ್ಟೆ. ಒಂದು ತಿಂಗಳು ತಪ್ಪದೆ ನಡೆಸಿ, ಚರ್ಮ ಹೊಸದಾಗುವ ಕಾಲವೂ ಸುಮಾರು ಅಷ್ಟೇ. ದುಬಾರಿ ಸೀರಮ್ಮು ಕೊಳ್ಳುವ ಮೊದಲು, ಪಾರ್ಲರಿನಲ್ಲಿ ಫೇಶಿಯಲ್ ಮಾಡಿಸುವ ಮೊದಲು, ಮನೆಯ ಎಣ್ಣೆ, ಹತ್ತಿಯ ಬಟ್ಟೆ, ಸಿಹಿ ನೀರು ಏನು ಮಾಡಬಲ್ಲವು ಎಂದು ನಿಮ್ಮ ಮುಖದ ಮೇಲೇ ನೋಡಿ. ಬಣ್ಣ ಹಚ್ಚುವ ಸಂತೋಷ ಬಿಡಬೇಕಿಲ್ಲ. ಅದು ವರ್ಷಾನುಗಟ್ಟಲೆ ಉಳಿಯಬೇಕಾದರೆ ರಾತ್ರಿ ರಾತ್ರಿ ಬಣ್ಣ ತೆಗೆಯುವ ಶಿಸ್ತು ಬೇಕು. ಇವತ್ತು ರಾತ್ರಿಯೇ ಶುರು ಮಾಡಿ.